ಓದುಗರ ಪ್ರಶ್ನೆ, ನಮ್ಮ ಉತ್ತರ: ತೆನೆ ಮನೆಗೆ ಬಂತು, ಮಣ್ಣಿಗೆ ಏನು ಹೋಯ್ತು?

ಹೋದ ತಿಂಗಳು ಈ ಅಂಕಣದಲ್ಲಿ "ಚರ್ಚಿನ ಜಾಗದ ಮಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ನೋಡಿ" ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ತುಂಬ, ಕೆಲವರು ಖುಷಿಯಲ್ಲಿ ಬರೆದಿದ್ದಾರೆ, ಕೆಲವರು ಸಿಟ್ಟಲ್ಲಿ. ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ನಮ್ಮದು ಬೆಳ್ತಂಗಡಿ ಕಡೆಯ ಸಣ್ಣ ಚರ್ಚು. ಚರ್ಚಿಗೆ ಸ್ವಲ್ಪ ಅಡಿಕೆ ತೋಟ, ಹತ್ತಿಪ್ಪತ್ತು ತೆಂಗು, ಕೆಳಗೆ ಬೇಸಾಯ ಇಲ್ಲದೆ ಹಡಿಲು ಬಿದ್ದ ಎರಡು ಗದ್ದೆ ಉಂಟು. ಹೊಸದಾಗಿ ಬಂದ ಫಾದರ್ "ಈ ವರ್ಷ ತೆನೆ ಹಬ್ಬಕ್ಕೆ ಮಣ್ಣಿಗೋಸ್ಕರ ಏನಾದ್ರೂ ಮಾಡುವ" ಅಂದ್ರು. ಪಾಲನಾ ಮಂಡಳಿಯಲ್ಲಿ ಹಿರಿಯರೊಬ್ಬರು "ಚರ್ಚು ಇರುದು ಪ್ರಾರ್ಥನೆಗೆ, ಕೃಷಿ ಇಲಾಖೆ ಕೆಲಸ ನಮಗೆ ಯಾಕೆ" ಅಂತ ಎದ್ದು ನಿಂತ್ರು. ಅವರಿಗೆ ಏನು ಹೇಳುದು, ಕೆಲಸ ಎಲ್ಲಿಂದ ಶುರು ಮಾಡುದು?

ಹಿರಿಯರ ಮೇಲೆ ಬೇಜಾರು ಬೇಡ, ಅವರು ಕೇಳಿದ್ದು ಕೇಳಬೇಕಾದ ಪ್ರಶ್ನೆಯೇ. ಅವರ ಹತ್ತಿರ ಬೈಬಲ್ ತೆಗೆದುಕೊಂಡೇ ಹೋಗಿ ಕೂತ್ಕೊಳ್ಳಿ. ಆದಿಕಾಂಡ ಎರಡನೇ ಅಧ್ಯಾಯದಲ್ಲಿ ಮನುಷ್ಯನನ್ನು ಮಾಡಿದ್ದು ನೆಲದ ಮಣ್ಣಿನಿಂದ, ಆಮೇಲೆ 15ನೇ ವಚನದಲ್ಲಿ ಅವನನ್ನು ತೋಟದಲ್ಲಿ ಇಟ್ಟದ್ದು ಯಾಕೆ ಅಂದ್ರೆ ಅದನ್ನು ವ್ಯವಸಾಯ ಮಾಡ್ಲಿಕ್ಕೆ ಮತ್ತು ಕಾಯ್ಲಿಕ್ಕೆ, ಎರಡೂ ಒಟ್ಟಿಗೇ. ಯಾಜಕಕಾಂಡ 25:23ರಲ್ಲಿ ಇನ್ನೂ ನೇರ ಮಾತುಂಟು: ಭೂಮಿ ನನ್ನದು, ಅದನ್ನು ಶಾಶ್ವತವಾಗಿ ಮಾರಬೇಡಿ, ನೀವು ನನ್ನ ಹತ್ತಿರ ತಂಗಿದ ಪರದೇಶಿಗಳು ಅಂತ. ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥ ಆಗ್ಬೇಕು, 1974ರ ಭೂಸುಧಾರಣೆ ಕಾನೂನು ಬರುವ ತನಕ ಎಷ್ಟು ಮನೆಯವರು ಗೇಣಿ ಕೊಟ್ಟು ಬದುಕಿದವರು. ದೇವರು ಧಣಿ, ನಾವು ಒಕ್ಕಲು, ಆರ್‌ಟಿಸಿಯಲ್ಲಿ ಯಾರ ಹೆಸರಿದ್ರೂ ಸರಿ. ಧಣಿಯ ಗದ್ದೆಯನ್ನು ಬರಡು ಮಾಡಿ ವಾಪಸ್ ಕೊಡ್ಲಿಕ್ಕೆ ಒಕ್ಕಲಿಗೆ ಹಕ್ಕಿರಲಿಲ್ಲ.

ಹಿರಿಯರು "ಅದೆಲ್ಲ ಹಳೆ ಒಡಂಬಡಿಕೆ" ಅಂದ್ರೆ ಲೂಕನ 13ನೇ ಅಧ್ಯಾಯ ತೆಗೀರಿ. ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರ, ಯಜಮಾನ ಕಡಿದು ಹಾಕು ಅಂತಾನೆ, ತೋಟದವ ಏನು ಹೇಳ್ತಾನೆ? ಇನ್ನೊಂದು ವರ್ಷ ಬಿಡಿ ಸ್ವಾಮಿ, ಬುಡ ಅಗೆದು ಗೊಬ್ಬರ ಹಾಕ್ತೇನೆ ಅಂತ. ನಾವು ಮಳೆ ಕಡಿಮೆಯಾದ ಮೇಲೆ ಅಡಿಕೆ ಬುಡ ಬಿಡಿಸಿ ಸೊಪ್ಪು, ಹಟ್ಟಿಗೊಬ್ಬರ ಹಾಕ್ತೇವಲ್ಲ, ಅದೇ ಕೆಲಸ. ಯೇಸುಸ್ವಾಮಿ ಕರುಣೆಯ ಪಾಠ ಹೇಳ್ಲಿಕ್ಕೆ ಆರಿಸಿಕೊಂಡದ್ದೇ ಗೊಬ್ಬರ ಹಾಕುವವನನ್ನು. ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ಲೌದಾತೊ ಸಿ ಪತ್ರದಲ್ಲಿ ಈ ಭೂಮಿ ಕಾಯುವ ಕೆಲಸವನ್ನು ವಿಶ್ವಾಸದ ಭಾಗವಾಗಿಯೇ ಹೇಳಿದ್ದಾರೆ, ಅಂದ್ಮೇಲೆ ನಿಮ್ಮ ಫಾದರ್ ಹೊಸತೇನೂ ತಂದದ್ದಲ್ಲ.

ಇನ್ನು ತೆನೆ ಹಬ್ಬ. ಸೆಪ್ಟೆಂಬರ್ 8ಕ್ಕೆ ಕನ್ಯಾ ಮರಿಯಮ್ಮನ ಹುಟ್ಟಿದ ಹಬ್ಬ, ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತಂದು ಹಾಕ್ತಾರೆ, ಹಬ್ಬದ ದಿನ ತೆನೆ ಆಶೀರ್ವಾದ, ಮೆರವಣಿಗೆ, ಮನೆಗೊಂದು ತೆನೆ, ಆ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕೂತು ಹೊಸ ಅಕ್ಕಿ ಊಟ, ಆ ದಿನ ಮೀನು ಮಾಂಸ ಇಲ್ಲ. ಇಷ್ಟು ಚಂದದ ಹಬ್ಬ ಇರುವಾಗ ಮಣ್ಣಿನ ಪಾಠಕ್ಕೆ ಬೇರೆ ಕಾರ್ಯಕ್ರಮ ಯಾಕೆ ಬೇಕು? ಆದ್ರೆ ಆ ತೆನೆ ಈಗ ಎಲ್ಲಿಂದ ಬರ್ತದೆ ಅಂತ ಕೇಳಿ ನೋಡಿ. ಸುತ್ತಮುತ್ತ ಭತ್ತವೇ ಇಲ್ಲದ ಊರುಗಳಲ್ಲಿ ಬೇರೆ ಕಡೆಯಿಂದ ತರಿಸ್ತಾರೆ. ನಿಮಗೆ ಎರಡು ಗದ್ದೆ ಹಡಿಲು ಬಿದ್ದುಂಟು. ಒಂದನ್ನು ಎಬ್ಬಿಸಿ, ಎರಡೂ ಒಟ್ಟಿಗೆ ಬೇಡ. ಹಬ್ಬದ ಹೊತ್ತಿಗೆ ಕಾಳು ಕಟ್ಟಿರಬೇಕಾದ್ರೆ ಕಡಿಮೆ ದಿನದ ತಳಿ ಬೇಕು, ನೇಜಿ, ಅಂದ್ರೆ ಭತ್ತದ ಸಸಿ, ಮೇ ಕೊನೆಗೇ ಹಾಕಬೇಕು, ತಳಿ ಯಾವುದು ಅಂತ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರನ್ನೇ ಕೇಳಿ, ಪಕ್ಕದ ಮನೆಯವರು ಹಾಕಿದ್ದನ್ನೇ ಹಾಕಿದ್ರೆ ಹಬ್ಬಕ್ಕೆ ತೆನೆ ಬರೀ ಹಸಿರು ಹಾಲುಗಾಳು ಆಗಿರಬಹುದು. ನೇಜಿ ನೆಡ್ಲಿಕ್ಕೆ ಯುವಜನರನ್ನು ಕರೀರಿ, ಫೋಟೋ ತೆಗೀಲಿ ಪರವಾಗಿಲ್ಲ, ಆದ್ರೆ ಕಳೆ ಕೀಳುವ ದಿನವೂ ಅವರೇ ಬರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಮಣ್ಣು ಪರೀಕ್ಷೆ. ಮೇ 15 ಸಂತ ಇಸಿದೋರರ ದಿನ, ರೈತರ ಪಾಲಕ ಸಂತರು, ನಮ್ಮಲ್ಲಿ ಮಳೆಗೆ ಮುಂಚಿನ ಸರಿಯಾದ ಸಮಯವೂ ಅದೇ. ಅವತ್ತು ಪೂಜೆ ಮುಗಿಸಿ ಹತ್ತು ಜನ ತೋಟಕ್ಕೆ ಇಳೀರಿ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಂಡಿ ತೆಗೆದು ಅದರ ಬದಿಯಿಂದ ಮೇಲಿಂದ ಕೆಳಗಿನ ತನಕ ಒಂದು ಬೆರಳು ದಪ್ಪ ಮಣ್ಣು ಕೆರೆದು ತೆಗೀಬೇಕು, ಗದ್ದೆಗಾದ್ರೆ ಅರ್ಧ ಅಡಿ ಆಳ, ಅಡಿಕೆ ತೆಂಗಿಗೆ ಒಂದಡಿ. ಹೀಗೆ ಹತ್ತು ಹದಿನೈದು ಕಡೆಯಿಂದ ತೆಗೆದದ್ದನ್ನು ಬಕೆಟಲ್ಲಿ ಕಲಸಿ, ಗೋಣಿ ಮೇಲೆ ಹರಡಿ, ಕೈಯಲ್ಲಿ ಪ್ಲಸ್ ಗುರುತು ಎಳೆದು ನಾಲ್ಕು ಪಾಲು ಮಾಡಿ, ಎದುರು ಬದುರು ಎರಡು ಪಾಲು ಬಿಸಾಡಿ, ಉಳಿದದ್ದನ್ನು ಮತ್ತೆ ಹಾಗೇ ಮಾಡ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ ಶುದ್ಧ ಬಟ್ಟೆ ಚೀಲದಲ್ಲಿ ಕಟ್ಟಿ. ಗೊಬ್ಬರದ ಗುಂಡಿ ಹತ್ತಿರದ್ದು, ಕಟ್ಟಪುಣಿಯ (ಗದ್ದೆ ಬದುವಿನ) ಪಕ್ಕದ್ದು, ಇತ್ತೀಚೆಗೆ ಸುಣ್ಣ ಅಥವಾ ರಸಗೊಬ್ಬರ ಹಾಕಿದ ಕಡೆದು ಬೇಡ. ಯೂರಿಯಾ ತಂದ ಗೋಣಿಯಲ್ಲಂತೂ ಮಣ್ಣು ಹರಡಲೇಬೇಡಿ, ರಿಪೋರ್ಟ್ ಪೂರ್ತಿ ಸುಳ್ಳಾಗ್ತದೆ. ಗದ್ದೆಗೊಂದು, ತೋಟಕ್ಕೊಂದು, ಬೇರೆ ಬೇರೆ ಸ್ಯಾಂಪಲ್.

ರಿಪೋರ್ಟ್ ಬಂದಾಗ ಮೊದಲು ಪಿಎಚ್ ನೋಡಿ, ಮಣ್ಣು ಎಷ್ಟು ಹುಳಿ ಅಂತ ಹೇಳುವ ಸಂಖ್ಯೆ ಅದು. ನಮ್ಮ ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣು ಹೆಚ್ಚಾಗಿ ಹುಳಿ, ಐದೂವರೆಗಿಂತ ಕೆಳಗೆ ಬಂದ್ರೆ ಗಾಬರಿ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಕಡೆ ಸುಣ್ಣದ ಅಂಶ, ಮೆಗ್ನೀಷಿಯಂ, ಪೊಟ್ಯಾಶ್ ಎಲ್ಲ ತೊಳೆದು ಹೊಳೆಗೆ ಹೋಗ್ತದೆ, ಉಳಿದ ಕಬ್ಬಿಣ, ಅಲ್ಯೂಮಿನಿಯಂ ನಾವು ಹಾಕಿದ ರಂಜಕವನ್ನು ಗಟ್ಟಿ ಹಿಡಿದುಕೊಂಡು ಬೇರಿಗೆ ಕೊಡುದಿಲ್ಲ. ಹಾಗಾಗಿ ಹುಳಿ ಮಣ್ಣಿನ ಅಡಿಕೆಗೆ ಮರವೊಂದಕ್ಕೆ ಅರ್ಧ ಕಿಲೋ ಸುಣ್ಣ, ಎರಡು ಮೂರು ವರ್ಷಕ್ಕೊಮ್ಮೆ, ಅದನ್ನು ಗೊಬ್ಬರದ ಜೊತೆ ಒಟ್ಟಿಗೆ ಹಾಕಬೇಡಿ, ಎರಡು ಮೂರು ವಾರ ಅಂತರ ಇರಲಿ. ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು ಇರುದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್, ಜೊತೆಗೆ ಹಸಿರು ಸೊಪ್ಪು 12 ಕಿಲೋ, ಕಾಂಪೋಸ್ಟ್ 12 ಕಿಲೋ. ಪೊಟ್ಯಾಶ್ ಎಲ್ಲಕ್ಕಿಂತ ಜಾಸ್ತಿ ಬೇಕು ಅಂತ ಗಮನಿಸಿ, ನಮ್ಮವರು ಯೂರಿಯಾ ಮಾತ್ರ ಧಾರಾಳ ಹಾಕಿ ಮರ ಕಪ್ಪಗೆ ಹಸಿರಾಯ್ತು ಅಂತ ಖುಷಿ ಪಡ್ತಾರೆ. ಆ 12 ಕಿಲೋ ಸೊಪ್ಪು ಹಾಕುವವರಂತೂ ಈಗ ಬೆರಳೆಣಿಕೆ. ಸೊಪ್ಪಿಗೆ ಗ್ಲಿರಿಸೀಡಿಯಾ ಬೇಲಿ ನೆಟ್ಟರೆ ಚರ್ಚಿನ ಕಾಂಪೌಂಡಿನ ಉದ್ದಕ್ಕೂ ಸಿಕ್ತದೆ, ಗುಡ್ಡೆಯ ಮರ ಕಡಿಯಬೇಕೂಂತಿಲ್ಲ.

ಕೊನೆಗೆ ಒಂದು ಕೆಲಸ, ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ: ಆ ರಿಪೋರ್ಟನ್ನು ಚರ್ಚ್ ನೋಟಿಸ್ ಬೋರ್ಡಿಗೆ ಹಾಕಿ. ಪೂಜೆ ಮುಗಿದ ಮೇಲೆ ಹಬ್ಬದ ಲೆಕ್ಕ ಓದಿದ ಹಾಗೆ "ನಮ್ಮ ಚರ್ಚಿನ ಗದ್ದೆಯ ಸಾವಯವ ಇಂಗಾಲ ಇಷ್ಟು" ಅಂತ ಒಬ್ಬರು ಓದಿ ಹೇಳ್ಲಿ, ಸಾವಯವ ಇಂಗಾಲ ಅಂದ್ರೆ ಸೊಪ್ಪು, ಗೊಬ್ಬರ ಕೊಳೆತು ಮಣ್ಣಿಗೆ ಸೇರುವ ಸತ್ವ. ಆಮೇಲೆ ವಾಳೆಯ (ಚರ್ಚಿನ ಕೆಲವು ಮನೆಗಳ ಗುಂಪಿನ) ಗುರ್ಕಾರರು, ಅಂದ್ರೆ ಆ ಗುಂಪಿನ ಮುಖಂಡರು, ತಮ್ಮ ವಾಳೆಯ ಮನೆಗಳಿಂದ ಸ್ಯಾಂಪಲ್ ಒಟ್ಟು ಮಾಡಿ ಒಂದೇ ಸಲ ಕೃಷಿ ವಿಜ್ಞಾನ ಕೇಂದ್ರಕ್ಕೋ ಇಲಾಖೆಯ ಲ್ಯಾಬಿಗೋ ಒಯ್ಯಲಿ. ಮಣ್ಣು ಆರೋಗ್ಯ ಚೀಟಿ ಯೋಜನೆ 2015ರಿಂದ ಉಂಟು, 12 ಅಂಶ ನೋಡಿ ಕೊಡ್ತಾರೆ, ಆದ್ರೆ ಒಬ್ಬೊಬ್ಬರೇ ಹೋಗ್ಲಿಕ್ಕೆ ಉದಾಸೀನ. ಮನೆ ಮನೆಗೆ ಹೋಗುವ ಗುರ್ಕಾರರು ಇರುವ ವ್ಯವಸ್ಥೆ ಚರ್ಚಿಗೆ ಉಂಟು, ಇಲಾಖೆಗೆ ಇಲ್ಲ. ಹಿರಿಯರು ಕೇಳಿದ "ನಮಗೆ ಯಾಕೆ" ಅನ್ನುದಕ್ಕೆ ನನ್ನ ಉತ್ತರ ಇದೇ.

ಪ್ರಶ್ನೆ: ಚರ್ಚಿನ ಗುಡ್ಡೆ ಜಾಗದಲ್ಲಿ ಕೆಂಪುಕಲ್ಲು ತೆಗೀಲಿಕ್ಕೆ ಒಬ್ಬರು ಕೇಳ್ತಿದ್ದಾರೆ. ಒಳ್ಳೆ ಹಣ ಬರ್ತದೆ, ಶಾಲೆಯ ಹೊಸ ಕಟ್ಟಡಕ್ಕೆ ಆಗ್ತದೆ. ಹೇಗೂ ಬೋಳು ಗುಡ್ಡೆ, ಏನೂ ಬೆಳೆಯುದಿಲ್ಲ. ಕೊಡಬಹುದಾ? (ಓದುಗರು, ಕಾರ್ಕಳ ತಾಲೂಕು)

ಬೇಡ. ಶಾಲೆಗೆ ಹಣ ಬೇಕು ಅನ್ನುದು ನನಗೂ ಗೊತ್ತುಂಟು, ಆದ್ರೂ ಬೇಡ. ಎರಡು ಮೂರು ಸೆಂಟಿಮೀಟರ್ ಮೇಲ್ಮಣ್ಣು ಆಗ್ಲಿಕ್ಕೆ ಸಾವಿರ ವರ್ಷದ ತನಕ ಹಿಡೀತದೆ, ಕಲ್ಲಿನ ಕೋರೆಯವ ಜೆಸಿಬಿಯಲ್ಲಿ ಅದನ್ನು ಒಂದು ಬೆಳಿಗ್ಗೆ ಬದಿಗೆ ತಳ್ತಾನೆ. ಬೋಳು ಗುಡ್ಡೆ ಅಂತ ನೀವು ಹೇಳುವ ಆ ಜಾಗ ಮಳೆಗಾಲದಲ್ಲಿ ನೀರು ಕುಡಿಯುವ ಜಾಗ, ಜಂಬಿಟ್ಟಿಗೆ ಕಲ್ಲಿನ ತೂತುಗಳಲ್ಲಿ ಇಳಿದ ನೀರೇ ಕೆಳಗಿನ ಬಾವಿಗೂ ನಡುಮಟ್ಟದ ಮಜಲು ಗದ್ದೆಗೂ ಒರತೆಯಾಗಿ ಬರುದು. ಆಗಸ್ಟ್ ತಿಂಗಳಲ್ಲಿ ಒಮ್ಮೆ ಆ ಗುಡ್ಡೆಗೆ ಹತ್ತಿ ನೋಡಿ, ಪಾದೆಯ (ಬಂಡೆಯ) ಮೇಲೆ ಎಷ್ಟು ಬಗೆ ಸಣ್ಣ ಹೂಗಳು ಅರಳ್ತಾವೆ ಅಂತ. ಏನೂ ಬೆಳೆಯುದಿಲ್ಲ ಅನ್ನುವ ಮಾತು ಆಮೇಲೆ ಬಾಯಿಗೆ ಬರುದಿಲ್ಲ.

ನಮ್ಮ ಊರಿನ ಕ್ರೈಸ್ತ ಚರಿತ್ರೆಯಲ್ಲೂ ಈ ಮಣ್ಣಿನ ಲೆಕ್ಕ ಉಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನವರು 1834ರಲ್ಲಿ ಮಂಗಳೂರಿಗೆ ಬಂದರು, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಮತಾಂತರ ಆಗಿ ಕೆಲಸ ಕಳಕೊಂಡ ಎಷ್ಟೋ ಕುಟುಂಬಗಳಿಗೆ ಅದು ಅನ್ನ ಕೊಟ್ಟಿತು, ಅದನ್ನು ಮರೀಬಾರದು. ಆ ಹಂಚಿಗೆ ಬೇಕಾದ ಜೇಡಿಮಣ್ಣು ನದಿ ಬದಿಯ ನೆಲದಿಂದಲೇ ಬಂದದ್ದು, ಅದನ್ನೂ ಮರೀಬಾರದು. ಅವತ್ತು ಅವರಿಗೆ ನೆಲದ ಬೆಲೆ ಗೊತ್ತಿರಲಿಲ್ಲ ಅಂತ ಹೇಳಬಹುದು, ಇವತ್ತು ನಮಗೆ ಹಾಗೆ ಹೇಳ್ಲಿಕ್ಕೆ ಬರುದಿಲ್ಲ.

ಈಗಾಗಲೇ ಕೋರೆ ಆಗಿ ಹೋದ ಜಾಗ ಇದ್ರೆ, ಬದಿಗೆ ರಾಶಿ ಹಾಕಿದ ಮೇಲ್ಮಣ್ಣನ್ನು ಮಾರಲಿಕ್ಕೆ ಬಿಡಬೇಡಿ, ಅದನ್ನೇ ವಾಪಸ್ ಹರಡಿಸಿ, ಸುತ್ತ ಗಟ್ಟಿ ಬೇಲಿ ಹಾಕಿ. ಮಳೆಗಾಲದಲ್ಲಿ ನೀರು ತುಂಬಿದ ಕೋರೆ ಮಕ್ಕಳಿಗೆ ಬಹಳ ಅಪಾಯ, ಈ ವಿಷಯದಲ್ಲಿ ನಾಳೆ ಅಂತ ಮಾಡಬೇಡಿ.

ಪ್ರಶ್ನೆ: ನಾವು ಧಾರವಾಡ ಜಿಲ್ಲೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ವರ್ಷಾ ಹಾರ್ವೆಸ್ಟ್ ಫೆಸ್ಟಿವಲ್ ಮಾಡ್ತೀವಿ, ಜ್ವಾಳಾ, ಕಡ್ಲಿ, ಕಾಯಿಪಲ್ಯ, ಕೋಳಿ ತಂದು ಅರ್ಪಿಸಿ ಹರಾಜ ಹಾಕ್ತೀವಿ, ರೊಕ್ಕ ಸಭೆಗೆ ಹೋಗ್ತದ. ಇದನ್ನ ಹೊಲಕ್ಕ ಉಪಯೋಗ ಆಗೋಹಂಗ ಹೆಂಗ ಮಾಡಬಹುದು? ನಮ್ಮಲ್ಲಿ ಕಬ್ಬಿನ ರವದಿ (ಒಣ ಎಲಿ) ಸುಡೋದು ಭಾಳ ಐತಿ.

ನಿಮ್ಮ ಪತ್ರ ಓದಿ ತುಂಬ ಖುಷಿ ಆಯ್ತು. ಹರಾಜು ಇರುವ ಹಬ್ಬ ಅಂದ್ರೆ ಅರ್ಧ ಕೆಲಸ ಆಗಿದೆ ಅಂತಲೇ ಲೆಕ್ಕ. ಈ ವರ್ಷ ಅರ್ಪಣೆಗೆ ಬೆಳೆಯ ಜೊತೆ ಬೆಳೆಸುವ ವಸ್ತುವೂ ಬರಲಿ. ಒಬ್ಬರು ಒಂದು ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ಕೊಡಲಿ, ಗೊಬ್ಬರವನ್ನೇ ಚರ್ಚೊಳಗೆ ತರಬೇಕಂತಿಲ್ಲ, ಒಂದು ಬುಟ್ಟಿ ತಂದು ವೇದಿಕೆ ಹತ್ತಿರ ಇಟ್ಟರೆ ಸಾಕು. ಇನ್ನೊಬ್ಬರು ಮನೆಯಲ್ಲಿ ಕಾಪಾಡಿದ ಜವಾರಿ ಬೀಜ ಕೊಡಲಿ, ಹಸಿರು ಗೊಬ್ಬರಕ್ಕೆ ಬಿತ್ತುವ ಸೆಣಬಿನ ಬೀಜ ಕೊಡಲಿ. ಕುರಿಗಾರರಿಗೆ ದುಡ್ಡು ಕೊಟ್ಟು ಹೊಲದಲ್ಲಿ ಕುರಿ ಹಿಂಡು ನಿಲ್ಲಿಸ್ತೀರಲ್ಲ, ಅಂಥ ಒಂದು ರಾತ್ರಿಯ ಖರ್ಚನ್ನು ಒಬ್ಬರು ಅರ್ಪಿಸಲಿ, ಅದನ್ನು ಹರಾಜು ಹಾಕದೆ ಸಭೆಯ ಒಬ್ಬ ವಿಧವೆಯ ಹೊಲಕ್ಕೆ ಕೊಡಿ. ಹೊಲದ ಮೂಲೆ ಬಡವರಿಗೆ ಬಿಡು ಅನ್ನುವ ಯಾಜಕಕಾಂಡ 19ರ ಮಾತನ್ನು ನಮ್ಮ ಕಾಲದಲ್ಲಿ ನಡೆಸುವ ಒಂದು ದಾರಿ ಇದು. ಹರಾಜಿನ ರೊಕ್ಕದಲ್ಲಿ ಒಂದು ಪಾಲು ಸಭೆಯವರ ಮಣ್ಣು ಪರೀಕ್ಷೆಗೆ ಅಂತ ಮೊದಲೇ ಘೋಷಿಸಿ.

ರವದಿ ವಿಷಯ. ಒಂದು ಎಕರೆ ಕಬ್ಬಿಂದ ಮೂರು ನಾಲ್ಕು ಟನ್ ರವದಿ ಬರ್ತದೆ. ಅದಕ್ಕೆ ಕಡ್ಡಿ ಗೀರಿದ್ರೆ ಅದರೊಳಗಿನ ಸಾರಜನಕ, ಗಂಧಕ ಹೊಗೆಯ ಜೊತೆ ಹೋಯ್ತು, ಮೇಲ್ಪದರದ ಜೀವಿಗಳೂ ಸುಟ್ಟವು, ಆಮೇಲೆ ಅದೇ ಸಾರಜನಕ ಅಂಗಡಿಯಿಂದ ಚೀಲದಲ್ಲಿ ತರ್ತೇವೆ. ಕಪ್ಪು ನೆಲದಲ್ಲಿ ಸಾವಯವ ಇಂಗಾಲ 0.5 ಪರ್ಸೆಂಟಿಗಿಂತ ಕಡಿಮೆ ಬಂದ್ರೆ ಕಡಿಮೆ ವರ್ಗ, 0.75 ದಾಟಿದ್ರೆ ಒಳ್ಳೇದು. ಸುಡುವ ಹೊಲ ಮೇಲೆ ಬರೋದು ಕಷ್ಟ. ಕುಳೆ (ಕೊಯ್ದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಬಿಡುವವರು ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎಳೆದು ಹಾಕಿ, ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್, ಕೊಳೆಸುವ ಜೀವಾಣು ಕಲಸಿದ ಸಗಣಿ ನೀರು ಹಾಕಿ ತೇವ ಇಟ್ಟರೆ ಆಯ್ತು, ನೀರೂ ಉಳೀತದೆ, ಕಸವೂ ಏಳೋದಿಲ್ಲ. ಜನ ಯಾಕೆ ಸುಡ್ತಾರೆ ಅಂದ್ರೆ ಆಳು ಸಿಗೋದಿಲ್ಲ, ಕಾರ್ಖಾನೆಯ ಕಟಾವು ಗ್ಯಾಂಗು ಬೇಗ ಬೇಗ ಅಂತಾರೆ, ರವದಿಯಲ್ಲಿ ಹಾವಿನ ಹೆದರಿಕೆ ಬೇರೆ. ಇದಕ್ಕೆ ಬೈಗುಳದ ಪ್ರಸಂಗ ಮಾಡಿ ಉಪಯೋಗ ಇಲ್ಲ. ರವದಿ ಪುಡಿ ಮಾಡುವ ಯಂತ್ರವನ್ನು ನಾಲ್ಕೈದು ಕುಟುಂಬ ಸೇರಿ ಬಾಡಿಗೆಗೆ ತರಿಸಲಿ, ಮೊದಲ ವರ್ಷದ ಬಾಡಿಗೆಯ ಅರ್ಧ ಸಭೆ ಕೊಡಲಿ. ಸಭಾಪಾಲಕರು ಆ ಹೊಲಕ್ಕೆ ಹೋಗಿ ಅಲ್ಲೇ ಪ್ರಾರ್ಥನೆ ಮಾಡಲಿ.

ಮಿಷನರಿಗಳಿಗೂ ಕೃಷಿಗೂ ಏನು ಸಂಬಂಧ ಅಂತ ನಿಮ್ಮಲ್ಲಿ ಯಾರಾದ್ರೂ ಕೇಳಿದ್ರೆ ಸ್ಯಾಮ್ ಹಿಗಿನ್‌ಬಾಟಮ್ ಹೆಸರು ಹೇಳಿ. ಆ ಪುಣ್ಯಾತ್ಮ 1910ರಲ್ಲಿ ಅಲಹಾಬಾದಿನಲ್ಲಿ ಕೃಷಿ ಶಾಲೆ ಶುರು ಮಾಡಿದ ಮಿಷನರಿ, ಅದು ಇವತ್ತು ದೊಡ್ಡ ವಿಶ್ವವಿದ್ಯಾಲಯ ಆಗಿದೆ.

ಪ್ರಶ್ನೆ: ಏಳನೇ ವರ್ಷ ಭೂಮಿಗೆ ರಜೆ ಕೊಡಬೇಕು ಅಂತ ಬೈಬಲಲ್ಲಿ ಉಂಟಲ್ಲ, ಅಪ್ಪ ಈಗ ಅದನ್ನೇ ಹಿಡಿದು ಕೂತಿದ್ದಾರೆ. ನಮಗಿರುದು ಒಂದೆಕರೆ. ಒಂದು ವರ್ಷ ಬಿಟ್ಟರೆ ಊಟಕ್ಕೇನು? (ಓದುಗರು, ಕುಂದಾಪುರ)

ಅಪ್ಪನ ಮನಸ್ಸು ದೊಡ್ಡದು, ಮೊದಲು ಅವರಿಗೆ ನನ್ನ ನಮಸ್ಕಾರ ಹೇಳಿ. ಆ ಕಟ್ಟಳೆ ವಿಮೋಚನಕಾಂಡ 23ರಲ್ಲೂ ಯಾಜಕಕಾಂಡ 25ರಲ್ಲೂ ಉಂಟು, ಇಸ್ರೇಲಿನ ಯೆಹೂದಿಗಳಲ್ಲಿ ಅದನ್ನು ಪಾಲಿಸುವವರು ಈಗಲೂ ಇದ್ದಾರೆ, ಈಚಿನ ಏಳನೇ ವರ್ಷ 2021ರ ಸೆಪ್ಟೆಂಬರಿಂದ 2022ರ ಸೆಪ್ಟೆಂಬರ್ ತನಕ ಬಂತು. ಆದ್ರೆ ವಿಮೋಚನಕಾಂಡದಲ್ಲಿ ಆ ರಜೆಯ ಕಾರಣ ಓದಿ ನೋಡಿ: ನಿನ್ನ ಜನರಲ್ಲಿ ಬಡವರು ತಿನ್ನಲಿ, ಉಳಿದದ್ದು ಕಾಡುಪ್ರಾಣಿಗಳಿಗೆ ಆಗಲಿ ಅಂತ. ಒಂದೆಕರೆಯವ ಹಸಿದು ಕೂರಲಿ ಅಂತ ಅಲ್ಲ. ಮತ್ತೊಂದು, ನಮ್ಮ ಮಳೆಯಲ್ಲಿ ಗದ್ದೆಯನ್ನು ಬರೀ ಬಿಟ್ಟರೆ ಅದಕ್ಕೆ ವಿಶ್ರಾಂತಿ ಆಗುದಿಲ್ಲ, ಬದು ಒಡೀತದೆ, ನೀರು ಹರಿಯುವ ತೋಡು ಮುಚ್ಚಿ ಹೋಗ್ತದೆ, ಪಕ್ಕದವನ ಗದ್ದೆಗೂ ನೀರು ಹೋಗದ ಹಾಗೆ ಆಗ್ತದೆ, ಹಡಿಲು ಭೂಮಿಯ ಕಥೆ ನಿಮ್ಮ ಕುಂದಾಪುರದವರಿಗೆ ನಾನು ಹೇಳಬೇಕಾ.

ನಾನಾದ್ರೆ ವರ್ಷ ಪೂರ್ತಿ ಬದಲು ವರ್ಷದೊಳಗೇ ರಜೆ ಕೊಡಿ ಅಂತೇನೆ. ಏಣೆಲು (ಮಳೆಗಾಲದ ಭತ್ತ) ಕೊಯ್ದ ಮೇಲೆ ಗದ್ದೆಯಲ್ಲಿ ತೇವ ಇರುವಾಗಲೇ ಉದ್ದು, ಹೆಸರು, ಅಲಸಂಡೆ ಯಾವುದಾದ್ರೂ ಬಿತ್ತಿ. ಬೇರಿನ ಗಂಟಲ್ಲಿರುವ ಜೀವಾಣು ಗಾಳಿಯ ಸಾರಜನಕವನ್ನು ಹಿಡೀತದೆ, ನಿಮಗೆ ಕಾಳೂ ಸಿಕ್ತದೆ. ಗಿಡವೊಂದನ್ನು ಮೆಲ್ಲ ಕಿತ್ತು ಮಣ್ಣು ಕೊಡವಿ ಆ ಗಂಟನ್ನು ಉಗುರಲ್ಲಿ ಒಡೆದು ನೋಡಿ, ಒಳಗೆ ನಸುಗೆಂಪು ಬಣ್ಣ ಇದ್ರೆ ಕೆಲಸ ನಡೀತಾ ಉಂಟು ಅಂತ ಅರ್ಥ, ಬೂದು ಅಥವಾ ಹಸಿರು ಇದ್ರೆ ಇಲ್ಲ. ಬೇಸಿಗೆಯ ಮೊದಲ ಮಳೆಗೆ ಹಸಿರು ಗೊಬ್ಬರದ ಗಿಡಗಳಾದ ಸೆಣಬು ಅಥವಾ ಡಯಾಂಚದ ಬೀಜ ಎರಚಿ, ಹೂ ಬಿಡುವ ಹೊತ್ತಿಗೆ, ಅಂದ್ರೆ ಸುಮಾರು 45 ದಿನಕ್ಕೆ, ಉತ್ತು ಮಣ್ಣಿಗೆ ಸೇರಿಸಿ. ಅಪ್ಪನಿಗೆ ಏಳನೇ ವರ್ಷ ಏನಾದ್ರೂ ಬೇರೆ ಮಾಡಲೇಬೇಕು ಅಂತಿದ್ರೆ ಆ ವರ್ಷ ಬದುವಿನ ಪಕ್ಕ ಒಂದು ಪಟ್ಟಿ ಬಿಡ್ಲಿ, ಅಲ್ಲಿ ಬೆಳೆದ ಬಸಳೆ, ಬೆಂಡೆ, ಅಲಸಂಡೆಯನ್ನು ಬೇಕಾದವರು ಕೊಯ್ಯಲಿ.

ಪ್ರಶ್ನೆ: ಬೇರೆ ದೇಶದಲ್ಲಿ ಚರ್ಚುಗಳು ಇಂಥ ಕೆಲಸ ಮಾಡಿ ನಿಜವಾಗ್ಲೂ ಏನಾದ್ರೂ ಬದಲಾಗಿದ್ಯಾ, ಅಥವಾ ಬರೀ ಹೇಳಿಕೆಗಳಾ? (ಪದವಿ ವಿದ್ಯಾರ್ಥಿನಿ, ಮೈಸೂರು)

ಹೇಳಿಕೆಗಳು ಬೇಕಷ್ಟಿವೆ ಅನ್ನುದು ನಿಜ. ಆದ್ರೆ ಕಣ್ಣಿಗೆ ಕಾಣುವ ಎರಡು ಉದಾಹರಣೆ ಕೊಡ್ತೇನೆ.

ಒಂದು ಇಥಿಯೋಪಿಯಾ. ಅದರ ಉತ್ತರದ ಎತ್ತರ ಪ್ರದೇಶದಲ್ಲಿ, ದಕ್ಷಿಣ ಗೊಂಡಾರ್ ಕಡೆ, ಕಾಡು ಹೆಚ್ಚುಕಡಿಮೆ ಎಲ್ಲ ಹೊಲ, ಹುಲ್ಲುಗಾವಲು ಆಗಿ ಹೋಗಿದೆ. ಮೇಲಿಂದ ತೆಗೆದ ಚಿತ್ರ ನೋಡಿದ್ರೆ ಕಂದು ಬಣ್ಣದ ನೆಲದ ನಡುವೆ ಅಲ್ಲಲ್ಲಿ ಗುಂಡಗೆ ಹಸಿರು ಕಾಣ್ತದೆ, ಪ್ರತಿ ಹಸಿರಿನ ನಡುವೆ ಒಂದು ಆರ್ಥೊಡಾಕ್ಸ್ ಚರ್ಚು. ಆ ಮರಗಳು ದೇವರ ಮನೆಯ ಉಡುಪು ಅನ್ನುವ ಭಾವನೆ ಅವರಿಗೆ, ಅದಕ್ಕೇ ಕಡಿಯಲಿಲ್ಲ. ದನ ನುಗ್ಗಿ ಸಸಿ ಮೇಯ್ತಿದ್ದದ್ದೇ ದೊಡ್ಡ ತೊಂದರೆ. ಅಲೆಮಾಯೆಹು ವಾಸ್ಸಿ ಅನ್ನುವ ಅಲ್ಲಿನ ವಿಜ್ಞಾನಿ, ಅಮೆರಿಕದ ಮೆಗ್ ಲೋಮನ್ ಜೊತೆ ಸೇರಿ ಪಾದ್ರಿಗಳ ಹತ್ತಿರ ಕೂತು ಮಾತಾಡಿದರು, ಕಾಡಿನ ಸುತ್ತ ಕಲ್ಲಿನ ಗೋಡೆ ಕಟ್ಟಿದರು. ಕಲ್ಲು ಬಂದದ್ದು ರೈತರ ಹೊಲಗಳಿಂದ, ಹೊಲದ ಕಲ್ಲು ಖಾಲಿ ಆದ್ದರಿಂದ ಉಳುಮೆಗೂ ಅನುಕೂಲ ಆಯ್ತು. ಒಂದೇ ಕೆಲಸದಿಂದ ಹೊಲಕ್ಕೂ ಕಾಡಿಗೂ ಲಾಭ, ಇಂಥದ್ದು ನನಗೆ ಬಹಳ ಇಷ್ಟ. ನಮ್ಮ ಕೊಡಗಿನ ದೇವರಕಾಡು, ಕರಾವಳಿಯ ನಾಗಬನ ನೋಡಿದವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

ಇನ್ನೊಂದು ಜಿಂಬಾಬ್ವೆ. ಬ್ರಯನ್ ಓಲ್ಡ್‌ರೀವ್ ಅನ್ನುವ ರೈತ 1980ರ ದಶಕದಲ್ಲಿ ನೇಗಿಲು ಬಿಟ್ಟು, ಸಾಲಾಗಿ ಸಣ್ಣ ಸಣ್ಣ ಗುಂಡಿ ತೋಡಿ, ಅದಕ್ಕೆ ಗೊಬ್ಬರ ಹಾಕಿ ಮೆಕ್ಕೆಜೋಳ ಬಿತ್ತಿ, ನೆಲದ ಮೇಲೆ ಒಣ ಹುಲ್ಲು ಮುಚ್ಚುವ ಪದ್ಧತಿ ಶುರು ಮಾಡಿದ. ಆ ಮುಚ್ಚಿಗೆಗೆ ಅವರು ದೇವರ ಕಂಬಳಿ ಅಂತಾರೆ. ಚರ್ಚುಗಳ ಮೂಲಕ ಇದು ಆಫ್ರಿಕಾದ ಹಲವು ದೇಶಗಳಿಗೆ ಹೋಯ್ತು, 2020ರಲ್ಲಿ ಜಿಂಬಾಬ್ವೆ ಸರ್ಕಾರವೇ ಇದನ್ನು ಆಧರಿಸಿ ಫುಂವುಡ್ಜ ಅನ್ನುವ ಯೋಜನೆ ಮಾಡಿತು. ಇದರ ಕಷ್ಟವನ್ನೂ ಹೇಳಬೇಕು. ಆ ಗುಂಡಿ ತೋಡುದು ಕೈಯಲ್ಲಿ, ಬಿರು ಬೇಸಿಗೆಯಲ್ಲಿ, ಹೆಚ್ಚಾಗಿ ಹೆಂಗಸರು. ಮೆಕ್ಕೆಜೋಳದ ದಂಟನ್ನು ನೆಲಕ್ಕೆ ಹೊದೆಸಿದ್ರೆ ದನಕ್ಕೆ ಮೇವೇನು ಅನ್ನುವ ಪ್ರಶ್ನೆಯೂ ಅಲ್ಲಿ ಉಂಟು, ನಮ್ಮ ಉತ್ತರ ಕರ್ನಾಟಕದಲ್ಲೂ ಉಂಟು. "ಇದು ದೇವರ ವಿಧಾನ" ಅಂತ ಹೆಸರಿಟ್ಟ ಮಾತ್ರಕ್ಕೆ ಎಲ್ಲ ಮಣ್ಣಿಗೂ ಒಗ್ಗುದಿಲ್ಲ, ನಿಮ್ಮ ನೆಲದಲ್ಲಿ ಸಣ್ಣ ತುಂಡಲ್ಲಿ ಮಾಡಿ ನೋಡಬೇಕು.

ಪ್ರಶ್ನೆ: ನಾವು ಬೆಂಗಳೂರು, ನಮ್ ಚರ್ಚ್ ಕಾಂಪೌಂಡ್ ಪೂರ್ತಿ ಇಂಟರ್‌ಲಾಕ್ ಟೈಲ್ಸ್. ಹೊಲ ಇಲ್ಲ, ತೋಟ ಇಲ್ಲ. ನಮ್ಗೆ ಇದ್ರಲ್ಲಿ ಏನ್ ಪಾತ್ರ ಇದೆ?

ಮೊದಲು ಮರದ ಬುಡದ ಟೈಲ್ಸ್ ತೆಗೆಸಿ, ಕಾಂಡದ ಸುತ್ತ ಕಡಿಮೆ ಅಂದ್ರೂ ನಾಲ್ಕಡಿ ಮಣ್ಣು ಕಾಣಬೇಕು. ಅಲ್ಲಿ ಬಿದ್ದ ಎಲೆ ಗುಡಿಸಿ ಸುಡುದು ನಿಲ್ಲಲಿ, ಆ ಎಲೆಯನ್ನು ಅದೇ ಬುಡಕ್ಕೆ ಹಾಕಿ. ಪೀಠದ ಹೂ, ಮದುವೆಯ ಡೆಕೊರೇಷನ್ ಹೂ ವಾರಕ್ಕೆ ಎಷ್ಟಾಗ್ತದೆ ಅಂತ ಒಮ್ಮೆ ಗಮನಿಸಿ, ಪ್ಲಾಸ್ಟಿಕ್ ದಾರ, ಥರ್ಮೋಕೋಲ್, ಸ್ಪಂಜು ಬೇರೆ ಮಾಡಿದ್ರೆ ಉಳಿದದ್ದು ಒಳ್ಳೆ ಕಾಂಪೋಸ್ಟು, ಒಣ ಎಲೆ ಒಂದು ಪದರ, ಹೂ ಒಂದು ಪದರ, ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ. ಗೊಬ್ಬರ ಆದ್ಮೇಲೆ ಯಾರಿಗೆ ಕೊಡುದು? ನಿಮ್ಮ ಸಭೆಯಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಗಳಿಂದ ಬಂದವರು ಇರ್ತಾರೆ, ಅಲ್ಲಿನ ಒಂದು ಸಣ್ಣ ಸಭೆಯ ಜೊತೆ ಸಂಬಂಧ ಇಟ್ಕೊಳ್ಳಿ, ಗೊಬ್ಬರ ಅಲ್ಲಿಗೆ ಹೋಗಲಿ, ಅಲ್ಲಿಂದ ತರಕಾರಿ ಭಾನುವಾರ ನಿಮ್ಮ ಗೇಟಿಗೆ ಬರಲಿ, ಒಳ್ಳೆ ರೇಟು ಕೊಡಿ. ಚರ್ಚ್ ಫಂಡಿಗೆ ಅಂತ ಅದರಿಂದ ಕಮಿಷನ್ ಹಿಡೀಬೇಡಿ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ತನಕ ಹಲವು ಸಭೆಗಳು ಸೃಷ್ಟಿಯ ಕಾಲ ಅಂತ ಆಚರಿಸ್ತಾರೆ, ಶುರು ಮಾಡ್ಲಿಕ್ಕೆ ಅದು ಒಳ್ಳೆ ಸಮಯ.

ಪ್ರಶ್ನೆ: ನವೆಂಬರ್ 2, ಮೃತರ ದಿನಕ್ಕೆ ಮುಂಚೆ ಸಿಮೆಟ್ರಿಯ ಹುಲ್ಲಿಗೆ ಪ್ರತಿವರ್ಷ ಕಳೆನಾಶಕ ಹೊಡೆಸ್ತೇವೆ. ಇದು ತಪ್ಪಾ? ಬೇರೆ ದಾರಿ ಉಂಟಾ? (ಓದುಗರು, ಬಂಟ್ವಾಳ)

ಹೊಡೆಸಬೇಡಿ. ಆ ನೆಲದ ಮೇಲೆ ಮಕ್ಕಳು ಬರಿಗಾಲಲ್ಲಿ ನಡೆದು ಕ್ಯಾಂಡಲ್ ಹಚ್ತಾರೆ, ಹೊಡೆಯುವ ಹುಡುಗ ಮಾಸ್ಕು ಗ್ಲೌಸು ಇಲ್ಲದೆ ಹೊಡೀತಾನೆ, ಹುಲ್ಲು ಸತ್ತ ಬೋಳು ಇಳಿಜಾರಿಂದ ಮಣ್ಣು ಮುಂದಿನ ಮಳೆಗೇ ತೋಡಿಗೆ ಇಳೀತದೆ. ಕಳೆ ಕೊಯ್ಯುವ ಮಿಷನ್ ಒಂದು ದಿನಕ್ಕೆ ಬಾಡಿಗೆಗೆ ತಂದ್ರೆ ಮುಗೀತು. ಸೆಪ್ಟೆಂಬರ್ ಕೊನೆಗೆ ಒಮ್ಮೆ, ಹುಲ್ಲು ಬೀಜ ಕಟ್ಟುವ ಮೊದಲು, ಆಮೇಲೆ ಅಕ್ಟೋಬರ್ ಕೊನೆಗೆ ಇನ್ನೊಮ್ಮೆ. ಗೋರಿಗಳ ಬದಿಯದ್ದನ್ನು ಮಾತ್ರ ಆಯಾ ಮನೆಯವರು ಕೈಯಲ್ಲೇ ತೆಗೀಲಿ, ತಮ್ಮವರ ಗೋರಿ ಹತ್ತಿರ ಅರ್ಧ ಗಂಟೆ ಕೂತ ಹಾಗೂ ಆಗ್ತದೆ. ಕೊಯ್ದ ಹುಲ್ಲನ್ನು ಹೊರಗೆ ಬಿಸಾಡಬೇಡಿ, ಚರ್ಚಿನ ಅಡಿಕೆ ಬುಡಕ್ಕೆ ಹಾಕಿ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು.